ಸತ್ಯಾಂಶ: 'ವೂ ವೇ' ಅಂದರೆ ಕೈಕಟ್ಟಿ ಕೂರುವುದಲ್ಲ

ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಸಂದೇಶವೊಂದು ಪ್ರಾಚೀನ ಚೀನಾದ ಎರಡು ಚಿಂತನೆಗಳ ಬಗ್ಗೆ ಹೇಳುವುದು ಇಷ್ಟು: ಕನ್‌ಫ್ಯೂಷಿಯಸ್ ಅಂದರೆ ಬರೀ ಕಟ್ಟುಪಾಡು, ತಾವೋ ಅಂದರೆ ಏನೂ ಮಾಡದೆ ಹಾಯಾಗಿರುವುದು. ಎರಡೂ ಅರೆಬೆಂದ ಮಾತು.

ಎಡವಟ್ಟು ಶುರುವಾಗುವುದು ತಾವೋ ಪಂಥದವರು ಬಳಸುವ 'ವೂ ವೇ' ಎಂಬ ಚೀನೀ ಪದದಿಂದ. ಅಕ್ಷರಶಃ ಅರ್ಥ 'ಮಾಡದಿರುವುದು', ನಿಜ. ಬಳಕೆಯಲ್ಲಿ ಅದು ಬಲವಂತವಿಲ್ಲದ ಕೆಲಸ. ತಾವೋ ಚಿಂತಕ ಝುವಾಂಗ್‌ಜಿಯ ಹೆಸರಿನ ಗ್ರಂಥದ 3ನೇ ಅಧ್ಯಾಯದಲ್ಲಿ ಬರುವ ಅಡುಗೆಯವ ಡಿಂಗ್‌ನನ್ನೇ ನೋಡಿ. ಸಾಧಾರಣ ಅಡುಗೆಯವ ಮೂಳೆಗೆ ಹೊಡೆದು ತಿಂಗಳಿಗೊಂದು ಕತ್ತಿ ಬದಲಿಸುತ್ತಾನೆ. ನುರಿತವನಿಗೆ ವರ್ಷಕ್ಕೊಂದು ಬೇಕು. ಡಿಂಗ್‌ನ ಕತ್ತಿಗೆ 19 ವರ್ಷ. ಸಾವಿರಾರು ಎತ್ತುಗಳನ್ನು ಕೊಯ್ದ ಮೇಲೂ ಈಗಷ್ಟೇ ಸಾಣೆ ಹಿಡಿದಂತಿದೆ, ಯಾಕೆಂದರೆ ಅವನು ಅಲಗನ್ನು ಕೀಲುಗಳ ಸಂದಿಯಲ್ಲೇ ಆಡಿಸುತ್ತಾನೆ. ತೊಡಕಿನ ಗಂಟು ಸಿಕ್ಕರೆ ಕಣ್ಣು ನೆಟ್ಟು, ಕೈ ನಿಧಾನಿಸಿ, ಕತ್ತಿಯನ್ನು ಕೂದಲೆಳೆಯಷ್ಟೇ ಸರಿಸುತ್ತಾನೆ. ಆಫೀಸಿನ ಮೇಲ್‌ಗೆ ಉತ್ತರಿಸದೆ ಬಿಟ್ಟು ಅದನ್ನೇ ತಾವೋ ಅನ್ನುವವರು ಈ ಗಂಟಿನ ಭಾಗವನ್ನು ಓದಿರಲಿಕ್ಕಿಲ್ಲ.

ಇನ್ನು, 'ವೂ ವೇ' ತಾವೋ ಪಂಥದವರ ಸ್ವಂತ ಆಸ್ತಿಯೂ ಅಲ್ಲ. ಕನ್‌ಫ್ಯೂಷಿಯಸ್ ಮಾತುಗಳ ಸಂಗ್ರಹ 'ಅನಲೆಕ್ಟ್ಸ್'ನ 15ನೇ ಭಾಗದಲ್ಲಿ ಪುರಾತನ ದೊರೆ ಶುನ್ 'ವೂ ವೇ'ಯಿಂದಲೇ ಆಳಿದನೆಂಬ ಮೆಚ್ಚುಗೆಯಿದೆ: ಅವನು ದೊರೆಗಳ ರೀತಿಯಂತೆ ದಕ್ಷಿಣಕ್ಕೆ ಮುಖಮಾಡಿ ವಿನಯದಿಂದ ಕುಳಿತದ್ದಷ್ಟೇ. 11ನೇ ಭಾಗ ಇನ್ನೂ ಸೊಗಸು. ನಿಮ್ಮ ಆಸೆಯೇನೆಂದು ಗುರು ಕೇಳಿದರೆ ಮೂವರು ಶಿಷ್ಯರು ಆಡಳಿತ, ಅಧಿಕಾರದ ಮಾತೆತ್ತುತ್ತಾರೆ. ನಾಲ್ಕನೆಯವನಿಗೆ ವಸಂತದಲ್ಲಿ ಯೀ ನದಿಯಲ್ಲಿ ಮಿಂದು, ಗಾಳಿಗೆ ಮೈಯೊಡ್ಡಿ, ಹಾಡುತ್ತ ಮನೆಗೆ ಬರುವ ಆಸೆ. ಗುರು ಒಪ್ಪಿದ್ದು ಅವನನ್ನೇ.

ವ್ಯತ್ಯಾಸವಿರುವುದು ದಾರಿಯಲ್ಲಿ. ಕನ್‌ಫ್ಯೂಷಿಯಸ್ ಪ್ರಕಾರ ಬಲವಂತವಿಲ್ಲದ ಆ ಹದ ಬರುವುದು 'ಲಿ'ಯಿಂದ, ಅಂದರೆ ಹಿರಿಯರ ಮುಂದೆ, ಸಭೆಯಲ್ಲಿ, ಶ್ರಾದ್ಧದಲ್ಲಿ ನಡೆದುಕೊಳ್ಳುವ ರೀತಿಯನ್ನು ರೂಢಿಸಿಕೊಳ್ಳುವುದರಿಂದ. ಝುವಾಂಗ್‌ಜಿಗೆ ಅನುಮಾನವಿರುವುದು ಈ ರೂಢಿಯ ಮೇಲೆಯೇ.