ಲೇನ್ ನಡುವೆ 50 ಮೈಲಿ: ನಾನು ಬರೆದದ್ದು ತಪ್ಪು

ಕ್ಯಾಲಿಫೋರ್ನಿಯಾದಲ್ಲಿ ಬೈಕಿನವರು ಎರಡು ಸಾಲು ಕಾರುಗಳ ನಡುವೆ ಗಂಟೆಗೆ 50 ಮೈಲಿವರೆಗೆ ಹೋಗಬಹುದು, ಕಾನೂನೇ ಹಾಗೆ ಹೇಳುತ್ತದೆ ಅಂತ ಹೋದ ವಾರ ಬರೆದಿದ್ದೆ. ಅದು ತಪ್ಪು. ಈಗ ಆ ಮೆಸೇಜ್ ಊರಿನ ಗ್ರೂಪುಗಳಲ್ಲೂ ಓಡಾಡ್ತಿದೆ.

2017ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ವೇಗದ ಅಂಕಿಯೇ ಇಲ್ಲ. ಲೇನ್ ಸ್ಪ್ಲಿಟಿಂಗ್ (ಹೀಗೆ ಎರಡು ಸಾಲುಗಳ ನಡುವೆ ಬೈಕ್ ಓಡಿಸುವುದು) ಅಂದರೆ ಏನು ಅಂತ ಹೇಳಿ, ಸುರಕ್ಷತೆಯ ಸಲಹೆ ಕೊಡುವ ಕೆಲಸವನ್ನು ಅಲ್ಲಿನ ಹೈವೇ ಪೊಲೀಸರಿಗೆ ಬಿಟ್ಟಿದೆ, ಅಷ್ಟೇ. 50 ಇದ್ದದ್ದು ಮಸೂದೆಯ ಹಳೇ ಕರಡಿನಲ್ಲಿ, ಪಾಸಾಗುವ ಮೊದಲೇ ಅದನ್ನು ತೆಗೆದರು, ನಾನು ಓದಿದ್ದು ಆ ಕರಡನ್ನು. ಹಾಗಂತ ಎಷ್ಟು ಬೇಕಾದರೂ ನುಗ್ಗಬಹುದು ಅಂತಲ್ಲ. ಪಕ್ಕದ ಕಾರುಗಳಿಗಿಂತ ನೀವು ಜಾಸ್ತಿ ವೇಗದಲ್ಲಿದ್ದಷ್ಟೂ ಅಪಾಯ ಜಾಸ್ತಿ, ದೊಡ್ಡ ಟ್ರಕ್ಕಿನ ಪಕ್ಕ ಬೇಡ, ಎಡತುದಿಯ ಎರಡು ಲೇನ್‌ಗಳ ನಡುವೆ ಹೋಗುವುದೇ ಸಾಮಾನ್ಯವಾಗಿ ವಾಸಿ ಅನ್ನುತ್ತದೆ ಆ ಪೊಲೀಸರ ಸಲಹೆ.

ಇದು ಅಮೆರಿಕಕ್ಕೆಲ್ಲಾ ಅನ್ವಯಿಸುವ ನಿಯಮವೂ ಅಲ್ಲ. ಯೂಟಾ ರಾಜ್ಯದಲ್ಲಿ 2019ರಿಂದ ಅನುಮತಿ ಇರುವುದು ನಿಂತ ವಾಹನಗಳ ನಡುವೆ ಮಾತ್ರ, ಅದೂ ಗಂಟೆಗೆ 15 ಮೈಲಿ ಮೀರದಂತೆ. ಬೆಂಗಳೂರಿನ ಸಿಗ್ನಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಅಲ್ವಾ?

ಹಳೇ ಮೆಸೇಜ್ ಅಳಿಸಿದ್ದೇನೆ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ, ಕಳಿಸಿದ್ದರೆ ಅಲ್ಲಿ ಇದನ್ನು ಹಾಕಿ.