ಕುಚ್ಚು ಎಲ್ಲಿ?

ನಮ್ಮ ಮನೆಯವರು ಫೋಟೋ ತೆಗೆದರೆ ಅದರಲ್ಲಿ ಯಾರಿಗೂ ಕಾಲಿರುವುದಿಲ್ಲ. ಗಂಡನ ಕೈಗೆ ಫೋನು ಕೊಟ್ಟು ಎದುರಿಗೆ ನಿಂತ ಹೆಂಗಸರಿಗೆಲ್ಲ ಈ ಸಂಕಟ ಗೊತ್ತು. ನೆರಿಗೆ ಸರಿಮಾಡಿಕೊಂಡು, ಹೊಸ ಚಪ್ಪಲಿ ಕಾಣಲಿ ಅಂತ ಒಂದು ಕಾಲು ಮುಂದಿಟ್ಟು, ಹೊಟ್ಟೆ ಒಳಗೆಳೆದುಕೊಂಡು ಉಸಿರು ಹಿಡಿದು ನಿಂತಿರುತ್ತೇವೆ. ಬರುವುದು ಎದೆಯಿಂದ ಮೇಲಿನ ಒಂದು ಮುಖ. ಅದರ ಮೇಲೆ ಬೇಕಾದಷ್ಟು ಆಕಾಶ. ಆಕಾಶಕ್ಕೆ ಜಾಗ ಇದೆ, ಕಾಲಿಗಿಲ್ಲ.

ಮೊನ್ನೆ ಬೆಳಿಗ್ಗೆ ಫೋನು ತನ್ನಷ್ಟಕ್ಕೆ ತಾನೇ ‘ನೆನಪುಗಳು’ ಅಂತ ಹಳೆಯ ಫೋಟೋಗಳನ್ನು ಹಿಂದೆ ಸಂಗೀತ ಹಾಕಿ ತೋರಿಸಿತು. 2023ರ ಮೇ ತಿಂಗಳು. ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂ. ಅಮೆರಿಕದ ಪಾಪ್ ಗಾಯಕಿ ಟೇಲರ್ ಸ್ವಿಫ್ಟ್ ಕಾನ್ಸರ್ಟು. ನೋಡುತ್ತಾ ನೋಡುತ್ತಾ ಕಾಫಿ ಆರಿತು, ಸಿಟ್ಟು ಬಿಸಿಯಾಯಿತು. ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದವರಿಗೆ ಫೋನು ತಿರುಗಿಸಿ ತೋರಿಸಿದೆ. “ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ?” ಅಂದರು!

ಈ ಕಾನ್ಸರ್ಟಿಗೆ ಹೋಗುವುದೆಂದರೆ ಸುಮ್ನೆ ಟಿಕೆಟ್ ಹಿಡಿದು ಹೋಗಿ ಕೂರುವುದಲ್ಲ. ‘ಎರಾಸ್ ಟೂರ್’, ಅಂದರೆ ಕಾಲಗಳ ಪ್ರವಾಸ ಅಂತ ಅದಕ್ಕೆ ಹೆಸರು. ಆಕೆಯ ಒಂದೊಂದು ಆಲ್ಬಂ ಒಂದೊಂದು ಕಾಲ, ಒಂದೊಂದು ಕಾಲಕ್ಕೂ ಅದರದ್ದೇ ಬಣ್ಣ. ‘ಫಿಯರ್‌ಲೆಸ್’ ಅಂದರೆ ಚಿನ್ನದ ಬಣ್ಣ, ಜೋತುಬಿದ್ದ ದಾರಗಳು, ಕೌಬಾಯ್ ಬೂಟು. ‘ಸ್ಪೀಕ್ ನೌ’ ಅಂದರೆ ನೇರಳೆ ಗೌನು. ‘ರೆಪ್ಯುಟೇಷನ್’ ಅಂದರೆ ಕಪ್ಪು ಬಟ್ಟೆ, ಮೈಮೇಲೆ ಹಾವು. ಮೂರು ಗಂಟೆಗೂ ಮೀರಿ ಆಕೆ ಒಂದಾದ ಮೇಲೊಂದು ಕಾಲವನ್ನು ಹಾಡುತ್ತಿದ್ದಳು. ಕೇಳಲು ಬಂದವರು ತಮಗಿಷ್ಟದ ಕಾಲ ಆರಿಸಿಕೊಂಡು, ತಿಂಗಳುಗಟ್ಟಲೆ ಕೂತು ಹೊಲಿದು, ಅಂಟಿಸಿ, ಬಣ್ಣ ಬಳಿದು ವೇಷ ಕಟ್ಟುತ್ತಿದ್ದರು. 2023ರ ಮಾರ್ಚ್ 17ರಂದು ಅರಿಜೋನಾದ ಗ್ಲೆಂಡೇಲಿನಲ್ಲಿ ಶುರುವಾದದ್ದು 2024ರ ಡಿಸೆಂಬರಿನಲ್ಲಿ ವ್ಯಾಂಕೂವರಿನಲ್ಲಿ ಮುಗಿಯುವ ಹೊತ್ತಿಗೆ 149 ಪ್ರದರ್ಶನ ಆಗಿದ್ದವು. ಅಷ್ಟರಲ್ಲಿ ಎಷ್ಟು ಮಿಣಮಿಣ ಚಮಕಿ ಖರ್ಚಾಗಿರಬಹುದೋ! ಬೇರೆಯವರೇನು ಕಡಿಮೆಯಿಲ್ಲ. ಬ್ರಿಟಿಷ್ ಗಾಯಕ ಹ್ಯಾರಿ ಸ್ಟೈಲ್ಸ್ ಕಾನ್ಸರ್ಟಿಗೆ ಹೋಗುವವರು ಕೊರಳಿಗೆ ಬಣ್ಣಬಣ್ಣದ ಗರಿಗಳ ಹಾರ ಸುತ್ತಿಕೊಳ್ಳುತ್ತಾರೆ. ಇನ್ನೊಬ್ಬ ಗಾಯಕಿ ಬಿಯಾನ್ಸೆ ತನ್ನ ಹುಟ್ಟುಹಬ್ಬದ ತಿಂಗಳಲ್ಲಿ ಎಲ್ಲರೂ ಬೆಳ್ಳಿ ಬಣ್ಣದಲ್ಲಿ ಬನ್ನಿ ಅಂದಳು, ಸ್ಟೇಡಿಯಂಗೆ ಸ್ಟೇಡಿಯಮ್ಮೇ ಬೆಳ್ಳಗಾಯಿತು.

ನನ್ನ ಮಗಳು ಆರಿಸಿಕೊಂಡದ್ದು ಚಿನ್ನದ ಕಾಲ. ಜೋತುಬಿದ್ದ ದಾರಗಳ ಆ ಉಡುಪಿನ ಚಿತ್ರವನ್ನು ಮೈಸೂರಿನಲ್ಲಿರುವ ನಮ್ಮಮ್ಮನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದಳು. ಅಮ್ಮ ಕನ್ನಡಕ ಏರಿಸಿ ನೋಡಿ, “ಇದರಲ್ಲೇನಿದೆಯೇ, ಬೇಬಿ ಕುಚ್ಚು” ಅಂದರು.

ಅಮ್ಮ ಸೀರೆಗೆ ಕುಚ್ಚು ಹಾಕುವುದರಲ್ಲಿ ಎತ್ತಿದ ಕೈ. ಬೀದಿಯ ಅರ್ಧ ಸೀರೆಗಳ ಸೆರಗು ಅವರ ಕೈಯಲ್ಲೇ ಮುಗಿದಿದ್ದು. ಅಲ್ಲಿಂದ ಪಾಠ ಶುರುವಾಯಿತು. ನಮಗೆ ರಾತ್ರಿ ಎಂಟು, ಅವರಿಗೆ ಬೆಳಗಿನ ಐದೂವರೆ. ಅಜ್ಜಿ ಕಾಫಿ ಲೋಟ ಪಕ್ಕಕ್ಕಿಟ್ಟು ಕ್ಯಾಮೆರಾದ ಮುಂದೆ ಬೆರಳು ಹಿಡಿಯುವುದು, ಮೊಮ್ಮಗಳು ಇಲ್ಲಿ ಗಂಟು ಹಾಕುವುದು. “ಎಳೆ ಸಮ ಮಾಡ್ಕೋ ಪುಟ್ಟಿ. ಗಂಟು ಬಿಗಿ ಮಾಡು. ಅಯ್ಯೋ, ಅಷ್ಟು ಬಿಗಿ ಬೇಡ.” ಜರಿ ದಾರ ಇಲ್ಲಿನದು ಸರಿಯಿಲ್ಲ ಅಂತ ಊರಿಂದ ಬರುವವರೊಬ್ಬರ ಕೈಲಿ ಲಡಿಗಟ್ಟಲೆ ಕಳಿಸಿದರು. ಹುಳಿಪುಡಿಯ ಡಬ್ಬಿಯ ಜೊತೆಗೇ ಬಂತು. ಹಾಗಾಗಿ ನನ್ನ ಮಗಳ ಪಾಪ್ ಕಾನ್ಸರ್ಟಿನ ಡ್ರೆಸ್ಸಿಗೆ ಕೊನೆಯವರೆಗೂ ಇಂಗಿನ ವಾಸನೆ ಹೋಗಲಿಲ್ಲ. ಸೊಂಟದಿಂದ ಮಂಡಿಯವರೆಗೆ ಸಾಲುಸಾಲು ಕುಚ್ಚು. ಮಿಕ್ಕ ದಾರದಲ್ಲಿ ಬೂಟಿನ ಬಾಯಿಗೂ ಒಂದು ಸುತ್ತು. ಅಂದರೆ, ಕುಚ್ಚೆಲ್ಲ ಸೊಂಟದಿಂದ ಕೆಳಗೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸ್ಟೇಡಿಯಂ ಒಳಗೆ ಬ್ಯಾಗಿನೊಳಗಿದ್ದದ್ದೆಲ್ಲ ಹೊರಗೆ ಕಾಣುವ ಪ್ಲಾಸ್ಟಿಕ್ ಬ್ಯಾಗೇ ಆಗಬೇಕು. ಎಲ್ಲರ ಬ್ಯಾಗಿನಲ್ಲಿ ಲಿಪ್‌ಸ್ಟಿಕ್ಕು, ಬ್ರೇಸ್‌ಲೆಟ್ಟು. ನನ್ನದರಲ್ಲಿ ಅಮೃತಾಂಜನ, ಬಿ.ಪಿ. ಮಾತ್ರೆ. ಇರಲಿ.

ಕಾರ್ ಪಾರ್ಕಿಂಗಿನಲ್ಲಿ ಜಾತ್ರೆ. ಎಲ್ಲಿ ನೋಡಿದರೂ ಒಬ್ಬರು ಇನ್ನೊಬ್ಬರ ಫೋಟೋ ತೆಗೆಯುತ್ತಿದ್ದಾರೆ. ಅಲ್ಲಿ ನಮ್ಮ ಮನೆಯವರು ಒಬ್ಬರೇ ಇಸ್ತ್ರಿ ಮಾಡಿದ ತುಂಬುತೋಳಿನ ಶರಟು ಹಾಕಿ, ಇನ್‌ಶರ್ಟ್ ಮಾಡಿಕೊಂಡು, ಕೈ ಹಿಂದೆ ಕಟ್ಟಿ ನಿಂತಿದ್ದರು. ಫೋನು ಕೊಟ್ಟರೆ ಓಡಿಹೋಗುವ ಮನುಷ್ಯ ಅಲ್ಲ ಅಂತ ಒಂದು ಮೈಲಿ ದೂರದಿಂದಲೇ ತಿಳಿಯುತ್ತಿತ್ತು. ನಾಲ್ಕು ಹುಡುಗಿಯರು ಬಂದು ಫೋಟೋ ತೆಗೀತೀರಾ ಅಂತ ಕೇಳಿದರು. ನಾನು ತಡೆಯುವಷ್ಟರಲ್ಲಿ ಫೋನು ಇವರ ಕೈಯಲ್ಲಿತ್ತು.

ಇವರು ಫೋಟೋ ಕಲಿತದ್ದು 36 ಫೋಟೋದ ರೀಲಿನ ಕಾಲದಲ್ಲಿ, ಅಣ್ಣನ ಯಾಶಿಕಾ ಕ್ಯಾಮೆರಾದಲ್ಲಿ. ಒಂದು ಫೋಟೋ ಹಾಳಾದರೆ ಅಣ್ಣ ತಲೆಗೆ ಮೊಟಕುತ್ತಿದ್ದರಂತೆ. ರೀಲು ಹೋಗಿ ಎಷ್ಟೋ ವರ್ಷ ಆಯಿತು, ಮೊಟಕಿನ ಭಯ ಹೋಗಿಲ್ಲ. ಮೊದಲು ಶರಟಿನ ತುದಿಯಿಂದ ಲೆನ್ಸ್ ಒರೆಸಬೇಕು. ಆಮೇಲೆ ಸೂರ್ಯ ಎಲ್ಲಿದ್ದಾನೆ ನೋಡಬೇಕು. ಎಲ್ಲರನ್ನೂ ಎತ್ತರದ ಪ್ರಕಾರ ನಿಲ್ಲಿಸಬೇಕು. ಶಾಲೆಯ ಗ್ರೂಪ್ ಫೋಟೋ ಹಾಗೆ ಎತ್ತರದವರು ಹಿಂದೆ, ಗಿಡ್ಡ ಇರುವವರು ಮುಂದೆ, ಕೆಳಗೆ. ನೆಲ ಗುಡಿಸುವಂಥ ನೇರಳೆ ಗೌನಿನ ಹುಡುಗಿಯನ್ನು ಡಾಂಬರಿನ ಮೇಲೆ ಕೂರಿಸಿದರು. ಪಾಪ, ಕೂತಳು. ಇನ್ನು ಎಣಿಕೆ. “ಒಂದು…” ಅಂತ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಹೋಗಿ, ಎರಡು ಹೆಜ್ಜೆ ಮುಂದೆ ಬಂದು, ಮಂಡಿ ಬಗ್ಗಿಸಿ, “ಎರಡು” ಅನ್ನುವಾಗ ಒತ್ತಿಬಿಡುತ್ತಾರೆ. ಮೂರಕ್ಕೆ ಅಂತ ನಗು ಹಿಡಿದಿಟ್ಟುಕೊಂಡವರು ಹಿಡಿದಿಟ್ಟುಕೊಂಡೇ ಇರುತ್ತಾರೆ. ತೆಗೆಯುವುದು ಒಂದೇ ಒಂದು ಫೋಟೋ. ಈಗಿನ ಹುಡುಗಿಯರು ಒಂದು ಭಂಗಿಗೆ ಐವತ್ತು ತೆಗೆದು ಅದರಲ್ಲಿ ಒಂದು ಆರಿಸುವವರು. ಫೋನು ವಾಪಸು ಕೊಟ್ಟಾಗ ಅವರ ಮುಖ ನೋಡಬೇಕಿತ್ತು.

ಆದರೂ ಸಾಲು ನಿಂತಿತು! ಒಬ್ಬರಿಗೆ ತೆಗೆದದ್ದು ನೋಡಿ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಹಾವು ಸುತ್ತಿಕೊಂಡವಳ ಹಾವಿಗೆ ಬಾಲ ಹೋಯಿತು. ಕೈಮೇಲೆ ಗಾಯಕಿಯ ಅದೃಷ್ಟಸಂಖ್ಯೆ 13 ಬರೆದುಕೊಂಡವಳ ಕೈಯೇ ಹೋಯಿತು. ಒಬ್ಬ ಹುಡುಗಿಯಂತೂ ರಟ್ಟಿನಲ್ಲಿ ಕ್ಲೀನಿಂಗ್ ಗಾಡಿ ಮಾಡಿ, ಪೊರಕೆ ಬಕೆಟ್ಟು ಸಮೇತ ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಳು. ಗಾಯಕಿಯನ್ನು ಜನರ ಕಣ್ಣು ತಪ್ಪಿಸಿ ವೇದಿಕೆಗೆ ಕರೆತರುವುದು ಅಂಥ ಗಾಡಿಯೊಳಗೆ ಕೂರಿಸಿ ಅಂತ ಟೂರ್ ಶುರುವಾದಾಗಿನಿಂದ ಗುಲ್ಲೆದ್ದಿತ್ತು. ಅದರ ತಮಾಷೆ. ಇವರು ತೆಗೆದ ಫೋಟೋದಲ್ಲಿ ಒಂದು ಲಕ್ಷಣವಾದ ಹುಡುಗಿಯ ಮುಖ ಇದೆ, ಅಷ್ಟೆ.

“ರೀ, ಗಾಡಿ ಎಲ್ಲಿ?”

“ಕಸದ ಗಾಡಿ ಯಾಕೆ ಫೋಟೋದಲ್ಲಿ? ಅದನ್ನ ತಪ್ಪಿಸೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ?”

ಅಮೆರಿಕದವರ ಸೌಜನ್ಯ ನನಗೆ ಒಂದೊಂದು ಸಲ ಹೊಟ್ಟೆ ಉರಿಸುತ್ತದೆ. ಒಬ್ಬರೂ ಬೈಯಲಿಲ್ಲ. ಬದಲಿಗೆ ಫೋಟೋಗೊಂದರಂತೆ ಮಣಿಯ ಬ್ರೇಸ್‌ಲೆಟ್ ಬಿಚ್ಚಿ ಇವರ ಕೈಗೆ ಹಾಕಿದರು. ಗಾಯಕಿಯ 2022ರ ಹಾಡೊಂದರಲ್ಲಿ ಅಂಥ ಬ್ರೇಸ್‌ಲೆಟ್ಟಿನ ಮಾತು ಬರುತ್ತದೆ. ಅದನ್ನೇ ಹಿಡಿದು ಅಭಿಮಾನಿಗಳು ರಾಶಿರಾಶಿ ಪೋಣಿಸಿ ತಂದು, ಗುರುತಿಲ್ಲದವರ ಜೊತೆ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಇವರ ಕೈ ಮೊಣಕೈವರೆಗೆ ತುಂಬಿತು. ಒಂದು ಹಾಡೂ ಗೊತ್ತಿಲ್ಲದ ಮನುಷ್ಯನಿಗೆ! ಮೆಮೋರಿಯಲ್ ಡೇ ರಜೆ ಮುಗಿಸಿ ಮಂಗಳವಾರ ಅದೇ ಕೈಯಲ್ಲಿ ಆಫೀಸಿಗೂ ಹೋದರು.

ಇದರ ನಡುವೆ ನಾನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಕಾರಣ ಬೇರೆ. ಹೋಗಿಬರುವವರೆಲ್ಲ ಮಗಳ ಹತ್ತಿರ ನಿಂತು, ಕುಚ್ಚು ಮುಟ್ಟಿ ನೋಡಿ, ಎಲ್ಲಿ ಕೊಂಡೆ ಅಂತ ಕೇಳುತ್ತಿದ್ದರು. ಅವಳು ಸ್ನೇಹಿತರ ಎದುರಿಗೆ ಅಜ್ಜಿಯ ಫೋನು ಬಂದರೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡುವವಳು. ಅಲ್ಲಿ ಕೇಳಿದವರಿಗೆಲ್ಲ ಗಟ್ಟಿಯಾಗಿ ಹೇಳುತ್ತಿದ್ದಳು, ನಮ್ಮಜ್ಜಿ ಕಲಿಸಿದ್ದು, ಮೈಸೂರಿನವರು ಅಂತ. ಅಲ್ಲಿ ಅಮ್ಮ ಇನ್ನೂ ಮಲಗಿದ್ದ ಹೊತ್ತು. ಮೊಮ್ಮಗಳ ಅಮೆರಿಕವನ್ನು ಅಮ್ಮ ನೋಡಿರುವುದೆಲ್ಲ ಅಂಗೈಯಗಲದ ಪರದೆಯಲ್ಲಿ. ಪೂರ್ತಿ ಡ್ರೆಸ್ಸು ಕಾಣುವ ಒಂದಾದರೂ ಫೋಟೋ ಕಳಿಸಬೇಕು ಅಂತ ಇವರಿಗೆ ಎಷ್ಟು ಹೇಳಿದೆ. “ಕಾಲೂ ಬರಲಿ ರೀ, ಬೂಟೂ ಬರಲಿ.” “ಆಯ್ತು ಆಯ್ತು, ನೀನು ಸುಮ್ನಿರು. ಒಂದು… ಎರಡು.”

ಒಳಗೆ ಹೋದ ಮೇಲೆ ಕತ್ತಲಾಯಿತು. ನೋಡದೆ ಹಾಗೇ ಕಳಿಸಿಬಿಟ್ಟಿದ್ದರು. ಅಮ್ಮನ ಉತ್ತರ ಬಂದಾಗ ಸುತ್ತ ಸ್ಟೇಡಿಯಂ ತುಂಬ ಜನ ಕಿರುಚುತ್ತಿದ್ದರು. ಅಳಿಯನನ್ನು ಅತ್ತೆ ಬೈಯುವ ಹಾಗಿಲ್ಲವಲ್ಲ. “ಅಳಿಯಂದಿರು ಚೆನ್ನಾಗಿ ತೆಗೆದಿದ್ದಾರೆ. ಪುಟ್ಟಿ ಮುಖ ಲಕ್ಷಣವಾಗಿ ಬಂದಿದೆ.” ಒಂದು ನಿಮಿಷ ಬಿಟ್ಟು ಇನ್ನೊಂದು ಸಂದೇಶ. “ಕುಚ್ಚು ಎಲ್ಲಿ?”

ಕಡೆಗೆ ಕುಚ್ಚು ಸಿಕ್ಕಿದ್ದು ಫಿಲಡೆಲ್ಫಿಯಾದ ಒಬ್ಬ ಹುಡುಗಿಯ ಹತ್ತಿರ. ಪಾರ್ಕಿಂಗಿನಲ್ಲಿ ಮಗಳ ಜೊತೆ ಬ್ರೇಸ್‌ಲೆಟ್ ಬದಲಾಯಿಸಿಕೊಂಡವಳು, ಇನ್‌ಸ್ಟಾಗ್ರಾಮಿನಲ್ಲಿ ಹುಡುಕಿ ತಾನು ತೆಗೆದ ಫೋಟೋ ಕಳಿಸಿದಳು. ನೆತ್ತಿಯಿಂದ ಬೂಟಿನವರೆಗೆ ಎಲ್ಲ ಇದೆ. ಪಕ್ಕದಲ್ಲಿ ಆ ಹುಡುಗಿಯ ಗೆಳತಿಯೂ ಇದ್ದಾಳೆ, ಕೈಯಲ್ಲೇ ಹೆಣೆದ ಕೆನೆಬಣ್ಣದ ಸ್ವೆಟರ್ ಹಾಕಿಕೊಂಡು. ಅಮ್ಮನಿಗೆ ಕಳಿಸಿ, ಹೊಗಳಿಕೆಗೆ ಕಾದು ಕೂತೆವು.

“ಮೂರನೇ ಸಾಲು ಸಡಿಲ ಆಗಿದೆ” ಅಂದರು. ಆಮೇಲೆ, “ಆ ಪಕ್ಕದ ಹುಡುಗಿ ಹಾಕಿರೋದು ಕ್ರೋಷಾ ಅಲ್ವೇನೇ? ತೋಳಿನ ಹತ್ತಿರ ಹೇಗೆ ತಿರುಗಿಸಿದಾಳೆ ಕೇಳು.”

ಮಗಳು ಕೇಳಿದಳು. ಅಲ್ಲಿಂದ ಬರೆದು ಕಳಿಸಿದರು. ಅಮ್ಮ ಓದಿಸಿಕೊಂಡು, ಎರಡು ಕಡೆ ತಪ್ಪಿದೆ ಅಂತ ತಿದ್ದಿ ವಾಪಸು ಕಳಿಸಿದರು. ಅವರಿಂದ ಮತ್ತೆ ಪ್ರಶ್ನೆ ಬಂತು, ಅಮ್ಮನಿಂದ ಮತ್ತೆ ಉತ್ತರ. ಈಗ ಮಗಳು ಕಾಲೇಜಿಗೆ ಹೋಗಿದ್ದಾಳೆ, ಈ ಟಪಾಲಿನ ಕೆಲಸ ನನ್ನ ತಲೆಗೆ ಬಿದ್ದಿದೆ. ನಿನ್ನೆ ಅಮ್ಮ ಹೊಸದೊಂದು ತೋಳು ಹೆಣೆದು, ಫೋಟೋ ತೆಗೆಯಲು ಬರುವುದಿಲ್ಲ ಅಂತ ವಿಡಿಯೋ ಕಾಲ್ ಮಾಡಿ ಕ್ಯಾಮೆರಾಗೆ ಅಡ್ಡ ಹಿಡಿದರು. ಪರದೆ ತುಂಬ ಉಲ್ಲನ್ನು ಬಿಟ್ಟು ಇನ್ನೇನೂ ಕಾಣಲಿಲ್ಲ. “ದೂರ ಹಿಡೀಮ್ಮಾ” ಅಂದೆ. “ಕಾಣಿಸ್ತಿದೆ ತಾನೇ? ಸುಮ್ನೆ ಕಳಿಸೇ, ಆ ಹುಡುಗಿ ಕಾಯ್ತಿರುತ್ತೆ” ಅಂದರು.