ನಾಸ್ತಿಕರ ಸಿನಿಮಾನಾ?

ಲೇಖನ ಚೆನ್ನಾಗಿದೆ ಸರ್, ಆದ್ರೆ ಕಮಲ್ ಹಾಸನ್, ಮಾಧವನ್ ನಟಿಸಿರೋ ತಮಿಳಿನ 'ಅನ್ಬೇ ಶಿವಂ' ದೇವರನ್ನ ಗೇಲಿ ಮಾಡೋ ಸಿನಿಮಾ ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ಮಾತೆತ್ತಿದ್ರೆ ಶಿವ ಶಿವ ಅಂತ ಕೈಮುಗಿದು ಕೂಲಿಯವರ ಹೊಟ್ಟೆ ಮೇಲೆ ಹೊಡೆಯೋ ನಾಸರ್ ಪಾತ್ರಾನ ಗೇಲಿ ಮಾಡಿದಾರೆ, ನಿಜ. ಆದ್ರೆ ಅದೇ ಸಿನಿಮಾದಲ್ಲಿ ಆಕ್ಸಿಡೆಂಟಲ್ಲಿ ನುಜ್ಜುಗುಜ್ಜಾದ ಕಮಲ್‌ನ ಆರೈಕೆ ಮಾಡಿ ಎಬ್ಬಿಸಿ ನಿಲ್ಸೋದು ಒಬ್ರು ಕ್ರೈಸ್ತ ಸಿಸ್ಟರ್, ಅವರ ಭಕ್ತಿ ಬಗ್ಗೆ ಎಲ್ಲಾದ್ರೂ ಹಗುರವಾಗಿ ಮಾತಾಡಿದಾರಾ? ಇನ್ನು ಆಂಬುಲೆನ್ಸ್ ಸೀನ್. ಮಾಧವನ್ ರಕ್ತ ಕೊಟ್ಟ ಹುಡುಗ ಕಣ್ಣೆದುರೇ ಹೋಗಿಬಿಡ್ತಾನೆ, ಇವನು ಬಿಕ್ಕಿ ಬಿಕ್ಕಿ ಅಳ್ತಾನೆ, ಗುರುತು ಪರಿಚಯ ಇಲ್ಲದ ಮಗುಗೆ ಅಳೋ ನೀನೇ ದೇವ್ರು ಅಂತಾನೆ ಕಮಲ್. ದೇವರೇ ಇಲ್ಲ ಅನ್ನೋನು ಆಡೋ ಮಾತಾ ಅದು?

ನಮ್ಮಪ್ಪ ತೀರ್ಕೊಂಡ ರಾತ್ರಿ ಆಸ್ಪತ್ರೆ ಕಾರಿಡಾರಲ್ಲಿ ನಾನೊಬ್ನೇ ಕೂತಿದ್ದೆ, ಪಕ್ಕದ ವಾರ್ಡಿನ ರೋಗಿ ಕಡೆಯವರೊಬ್ರು, ಹೆಸರೂ ಗೊತ್ತಿಲ್ಲ, ಫ್ಲಾಸ್ಕಿಂದ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೈಗಿಟ್ಟು ಬೆಳಗಾಗೋವರ್ಗೂ ಸುಮ್ನೆ ಪಕ್ಕದಲ್ಲೇ ಕೂತಿದ್ರು. ಮಾರನೇ ದಿನ ಬಂದ ನೆಂಟರೆಲ್ಲಾ ವಿಧಿ, ಹಣೆಬರಹ ಅಂತ ಏನೇನೋ ಹೇಳಿದ್ರು, ಒಂದೂ ತಲೆಗೆ ಹೋಗ್ಲಿಲ್ಲ, ಆ ಕಾಫಿ ಮಾತ್ರ ಇವತ್ತಿಗೂ ನೆನಪಿದೆ. ಅದಾದ್ಮೇಲೆ ಈ ಸಿನಿಮಾ ಮತ್ತೆ ನೋಡ್ದಾಗ ಆ ಆಂಬುಲೆನ್ಸ್ ಸೀನಲ್ಲಿ ಅಳು ತಡೆಯೋಕಾಗ್ಲಿಲ್ಲ.

ಅಂದಹಾಗೆ, 2003ರ ಸಂಕ್ರಾಂತಿಗೆ ಬಂದಾಗ ಥಿಯೇಟರಲ್ಲಿ ಮಕಾಡೆ ಮಲಗಿದ್ದ ಸಿನಿಮಾ ಇದು, ಈಗ ಎಲ್ರೂ ಕ್ಲಾಸಿಕ್ ಅಂತಾರೆ. ಇನ್ನೊಂದ್ಸಲ ನೋಡಿ ಸರ್, ಅದರಲ್ಲಿ ಕಮಲ್ ಜೊತೆ ಇರೋ ಆ ನಾಯಿಗೋಸ್ಕರಾನಾದ್ರೂ 😄